ತಕ್ಕಡಿ ಮಾವ ಆರಿಸಿದ ಕಾರ್ಡು

ಯಾವ ವಸ್ತುವನ್ನೇ ಕೈಗೆ ಕೊಡಲಿ, ಅವನು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಅಂಗೈ ಮೇಲಿಟ್ಟುಕೊಂಡು, ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಕಣ್ಣು ಅರೆಮುಚ್ಚಿ, ಭಾರ ನೋಡುವುದು. ಆಮೇಲೆ ತೀರ್ಪು. ‘ಮಾಲು’ ಅಂದರೆ ಕೊಳ್ಳಬಹುದು. ‘ತಗಡು’ ಅಂದರೆ ಮುಗಿಯಿತು, ಅಂಗಡಿಯವನು ತಲೆಕೆಳಗಾಗಿ ನಿಂತರೂ ಕೊಳ್ಳಬಾರದು.

ಈ ಅಭ್ಯಾಸ ಎಲ್ಲಿಂದ ಬಂತು ಅಂತ ಕೇಳಿದರೆ, ಹೊಟ್ಟೆಪಾಡಿನಿಂದ ಬಂತು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ನಲ್ಲಿ, ಪೈಪು, ಷವರ್ ಮಾರುವ ಅಂಗಡಿಯ ಕೌಂಟರಿನ ಹಿಂದೆ ನಿಂತವನು, ತಲೆ ನರೆತರೂ ಅಲ್ಲಿಯೇ ನಿಂತಿದ್ದ. ನಲ್ಲಿಯ ವ್ಯಾಪಾರದಲ್ಲಿ ಭಾರ ಸುಳ್ಳು ಹೇಳುವುದಿಲ್ಲ. ಹೊರಗೆ ಎಷ್ಟೇ ಥಳಥಳ ಹೊಳೆಯಲಿ, ಒಳಗೆ ಹಿತ್ತಾಳೆ ಇದ್ದರೆ ಕೈಗೆ ಗೊತ್ತಾಗುತ್ತದೆ, ಇಲ್ಲದಿದ್ದರೂ ಗೊತ್ತಾಗುತ್ತದೆ. ಅಲ್ಲಿಯವರೆಗೆ ಅವನ ವಿದ್ಯೆ ಸರಿಯಾಗಿಯೇ ಇತ್ತು. ಗ್ರಹಚಾರವೆಂದರೆ, ಅವನು ಅದೇ ವಿದ್ಯೆಯನ್ನು ಹಿಡಿದುಕೊಂಡು ಇಡೀ ಪ್ರಪಂಚವನ್ನು ಅಳೆಯಲು ಹೊರಟಿದ್ದ. ಕುಕ್ಕರು, ಬೀಗ, ಛತ್ರಿ, ಚಪ್ಪಲಿ, ಗಡಿಯಾರ, ಯಾವುದನ್ನೂ ಬಿಟ್ಟವನಲ್ಲ. ಅಕ್ಕನಿಗೆ ಹೆಣ್ಣುಮಗು ಹುಟ್ಟಿದಾಗ ನರ್ಸಿನ ಕೈಯಿಂದ ಇಸಿದುಕೊಂಡು, ಎರಡು ಸಲ ಎತ್ತಿ ಇಳಿಸಿ, “ಮಾಲು!” ಅಂದನಂತೆ. ಆ ಮಗುವೇ ಬೆಳೆದು ದೊಡ್ಡವಳಾಗಿ ಅವನಿಗೆ ‘ತಕ್ಕಡಿ ಮಾವ’ ಅಂತ ಹೆಸರಿಟ್ಟಳು. ಹೆಸರು ಊರೆಲ್ಲ ಹಬ್ಬಿತು. ಅವನಿಗೂ ಒಳಗೊಳಗೇ ಖುಷಿಯೇ ಆಯಿತು.

ಅಕ್ಕನ ಮನೆಯಲ್ಲಂತೂ ಅವನು ಮುಟ್ಟಿ ನೋಡದೆ ಒಂದು ಸೌಟೂ ಒಳಗೆ ಬರುತ್ತಿರಲಿಲ್ಲ. ಭಾವ ಮದುವೆಗಳಲ್ಲಿ ವೀಡಿಯೋ ತೆಗೆಯುವವರು. ಕಸುಬು ಶುರುಮಾಡಿದಾಗ ಎರಡು ಕ್ಯಾಮೆರಾಗಳ ನಡುವೆ ಯಾವುದು ಅಂತ ತಿಳಿಯದೆ ಇವನನ್ನು ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಇವನು ಎರಡನ್ನೂ ಎತ್ತಿ ನೋಡಿದ. ಒಂದು ಅಂಗೈಯಲ್ಲಿ ಹಿಡಿಸುವಂಥದ್ದು. ಇನ್ನೊಂದು ಭುಜದ ಮೇಲೆ ಹೊರುವಂಥ ದೊಡ್ಡ ದಿಂಡು. “ಭಾವ, ಕಣ್ಣು ಮುಚ್ಚಿಕೊಂಡು ಇದನ್ನ ತಗೊಳ್ಳಿ, ಮಾಲು ಅಂದ್ರೆ ಇದು” ಅಂದ. ಭಾವ ತೆಗೆದುಕೊಂಡರು. ಆ ಕ್ಯಾಮೆರಾ ಎಷ್ಟೋ ವರ್ಷ ಅವರ ಮನೆಗೆ ಅನ್ನ ಹಾಕಿತು. ಮನೆಗೆ ಯಾರೇ ನೆಂಟರು ಬಂದರೂ ಇವನು ಅದನ್ನು ತೋರಿಸಿ, “ಆರಿಸಿದ್ದು ಯಾರು ಗೊತ್ತಾ?” ಅಂತ ಕೇಳದೆ ಬಿಡುತ್ತಿರಲಿಲ್ಲ. ಭಾವ ಪಕ್ಕದಲ್ಲಿ ನಿಂತು, ಬಲಗೈ ಮೇಲೆತ್ತಲಾರದೆ ಎಡಗೈಯಿಂದ ಟೀ ಲೋಟ ತೆಗೆದುಕೊಳ್ಳುತ್ತಾ, ನಗುತ್ತಿದ್ದರು. ಅವರ ಬಲಭುಜ ಎಡಕ್ಕಿಂತ ಒಂದಿಷ್ಟು ಇಳಿದಿತ್ತು. ಯಾರಾದರೂ ಕೇಳಿದರೆ, “ನಮ್ಮಪ್ಪನ ಆಸ್ತಿ ಇದೊಂದೇ” ಅಂದುಬಿಡುತ್ತಿದ್ದರು.

ಭಾವ ಹಠಾತ್ತಾಗಿ ಹೋದರು. ಬೆಳಿಗ್ಗೆ ಶೂ ಹಾಕಿಕೊಳ್ಳಲು ಬಗ್ಗಿದವರು ಮೇಲೆ ಏಳಲಿಲ್ಲ.

ಸಾವಿರಾರು ಜನರ ನಗುವನ್ನು, ಅಳುವನ್ನು ಹಿಡಿದಿಟ್ಟ ಮನುಷ್ಯ ತಾನು ಮಾತ್ರ ಒಂದು ವೀಡಿಯೋದಲ್ಲೂ ಇರಲಿಲ್ಲ. ಯಾವಾಗಲೂ ಕ್ಯಾಮೆರಾದ ಹಿಂದೆ. ಫೋಟೋಗಳಿದ್ದವು, ಆದರೆ ನಡೆಯುವ, ಮಾತಾಡುವ, ಕೆಮ್ಮುವ ಭಾವ ಎಲ್ಲೂ ಸಿಗಲಿಲ್ಲ. ಅಕ್ಕ ಅವರ ಕಂಪ್ಯೂಟರಿನ ಡಿಸ್ಕುಗಳನ್ನೆಲ್ಲ ಅಳಿಯ, ಮಗಳು ಸೇರಿ ಹುಡುಕುವಂತೆ ಮಾಡಿದಳು. ಏನೂ ಇಲ್ಲ. ಕೊನೆಗೆ ಅವಳಿಗೇ ನೆನಪಾಯಿತು. ಹೋಗುವುದಕ್ಕೆ ಸ್ವಲ್ಪ ಮುಂಚೆ ಭಾವ ಒಂದು ಹೊಸ, ಚಿಕ್ಕ ಕ್ಯಾಮೆರಾ ತಂದಿದ್ದರು. ಅದನ್ನು ಸ್ಟ್ಯಾಂಡಿನ ಮೇಲಿಟ್ಟು, ಪರೀಕ್ಷೆ ಮಾಡಲು ತಾವೇ ಎದುರು ಹೋಗಿ ನಿಂತಿದ್ದರು. ಅದರೊಳಗಿನ ಆ ಒಂದೇ ಒಂದು ತುಣುಕನ್ನು ಅಕ್ಕ ತಾನೇ ತನ್ನ ಕೈಯಿಂದ ಮಗಳ ಲ್ಯಾಪ್‌ಟಾಪಿನ ಮೂಲಕ ಡಿಸ್ಕಿಗೆ ಹಾಕಿಕೊಂಡಳು. ಆಮೇಲೆ ಕ್ಯಾಮೆರಾವನ್ನು ಭಾವನ ಜೊತೆ ಕೆಲಸ ಮಾಡುತ್ತಿದ್ದ ಫೋಟೋಗ್ರಾಫರ್ ಕೇಳಿದ. ಕೊಟ್ಟಳು. ಅವನು ಒಳಗಿದ್ದದ್ದನ್ನೆಲ್ಲ ಅಳಿಸಿ ತನ್ನ ಕೆಲಸಕ್ಕೆ ಹಚ್ಚಿಕೊಂಡ. ಆ ದೊಡ್ಡ ಹಳೆಯ ದಿಂಡನ್ನು ಯಾರೂ ಕೇಳಲಿಲ್ಲ, ಅದು ಬೀರುವಿನ ನೆತ್ತಿಯ ಮೇಲೆ ಬಟ್ಟೆ ಹೊದ್ದು ಮಲಗಿತು.

ಅಕ್ಕನಿಗೆ ಆ ತುಣುಕನ್ನು ಲ್ಯಾಪ್‌ಟಾಪಿನ ಅಂಗೈಯಗಲದ ಪರದೆಯಲ್ಲಿ ನೋಡಲು ಇಷ್ಟವಿರಲಿಲ್ಲ. ಭಾವ ತಾವು ಎಡಿಟಿಂಗ್ ಮಾಡುತ್ತಿದ್ದ ಮುಂದಿನ ಕೋಣೆಯನ್ನು ಸಣ್ಣದೊಂದು ಹೋಮ್ ಥಿಯೇಟರ್ ಮಾಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದರು. ಪ್ರೊಜೆಕ್ಟರ್ ತಂದಿಟ್ಟಿದ್ದರು, ಸ್ಪೀಕರುಗಳನ್ನು ಗೋಡೆಗೆ ಬಿಗಿದಿದ್ದರು, ಅಷ್ಟರಲ್ಲಿ ಹೋದರು. ಅಕ್ಕ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ದಪ್ಪ ಕಪ್ಪು ಬಟ್ಟೆ ತಂದು ಕಿಟಕಿಗೆ ಪರದೆ ಹೊಲಿದಳು, ಗೋಡೆಗೆ ಬಿಳಿ ಬಳಿಸಿದಳು. ಗೋಡೆಯಷ್ಟು ದೊಡ್ಡದಾಗಿ ಗಂಡನನ್ನು ನೋಡಬೇಕು, ಅದೂ ಅವರದೇ ಕೋಣೆಯಲ್ಲಿ, ಅವರದೇ ಕಂಪ್ಯೂಟರಿನಿಂದ. ಅಷ್ಟೇ ಅವಳ ಆಸೆ. ಆದರೆ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಗಿತ್ತು. ಚಿತ್ರವನ್ನು ಪ್ರೊಜೆಕ್ಟರಿಗೆ ಕಳಿಸುವುದು ಅದೇ. ಅದಿಲ್ಲದೆ ಕಂಪ್ಯೂಟರ್ ಪೆಟ್ಟಿಗೆಯ ದೀಪ ಹೊತ್ತಿಕೊಂಡರೂ ಗೋಡೆ ಖಾಲಿ.

“ನೀನೇ ಬಂದು ಆರಿಸಿಕೊಡಬೇಕು ಕಣೋ” ಅಂದಳು ಅಕ್ಕ.

ಕಾರ್ಡು ಅಂದರೇನು ಅಂತ ಅವನಿಗೆ ಎಳ್ಳಷ್ಟೂ ಗೊತ್ತಿರಲಿಲ್ಲ. ‘ನನಗೆ ತಿಳಿಯಲ್ಲ ಅಕ್ಕ’ ಅನ್ನಬಹುದಿತ್ತು. ಅಯ್ಯೋ, ಆ ಮೂರು ಪದ ಅವನ ಬಾಯಿಂದ ಬಂದಿದ್ದರೆ ಈ ಕಥೆ ಹೇಳುವ ಕೆಲಸವೇ ನನಗಿರುತ್ತಿರಲಿಲ್ಲ. “ಅದಕ್ಕೇನಂತೆ, ನಡಿ” ಅಂದ.

ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದವಳು ಕನ್ನಡಕದ, ಚುರುಕು ನಾಲಿಗೆಯ ಹೆಂಗಸು. ಅಕ್ಕ, ಅಕ್ಕನ ಮಗಳು, ಇವನು, ಮೂವರೂ ಹೋದರು. ಅಕ್ಕನ ಮಗಳು ವಿಷಯ ಹೇಳಿದಳು. ಅಂಗಡಿಯವಳು ಒಂದು ಸಣ್ಣ ಕಾರ್ಡು ತೆಗೆದು ಗಾಜಿನ ಮೇಲಿಟ್ಟಳು. ಫ್ಯಾನಿಲ್ಲ, ಬೆರಳುದ್ದದ ಅಲ್ಯೂಮಿನಿಯಂ ತಗಡಿನ ಪಟ್ಟಿಗಳು, ಅಷ್ಟೇ.

“ನಿಮಗೆ ಬೇಕಾಗಿರೋದು ವೀಡಿಯೋ ನೋಡೋಕೆ ತಾನೆ? ಇದು ಸಾಕು. ಈಗಿನ ಕ್ಯಾಮೆರಾಗಳು ವೀಡಿಯೋನ ಸಿಕ್ಕಾಪಟ್ಟೆ ಗಟ್ಟಿಯಾಗಿ ಮಡಚಿ ಇಟ್ಟಿರ್ತವೆ. ಅದನ್ನ ಬಿಡಿಸೋ ವಿದ್ಯೆ ಈ ಕಾರ್ಡಿಗಿದೆ. ಹೊಸದು, ಹಾಗಾಗಿ. ಸದ್ದೂ ಮಾಡಲ್ಲ. ಸಿನಿಮಾ ನೋಡೋ ರೂಮಲ್ಲಿ ಫ್ಯಾನ್ ಗುಂಯ್ ಅಂದ್ರೆ ಚೆನ್ನಾಗಿರತ್ತಾ?”

ಅವನು ಕಾರ್ಡನ್ನು ಅಂಗೈ ಮೇಲಿಟ್ಟುಕೊಂಡ. ಮೇಲೆ ಕೆಳಗೆ ಆಡಿಸಿದ. ಬಿಸ್ಕತ್ತಿನಷ್ಟೂ ಭಾರವಿಲ್ಲ. ಅವನ ಮುಖ ಹುಳ್ಳಗಾಯಿತು. ಹಿಂದಿನ ಶೆಲ್ಫಿನಲ್ಲಿ ಎರಡು ಫ್ಯಾನಿನ, ಇಟ್ಟಿಗೆಯಂಥ ಒಂದು ಕಾರ್ಡಿತ್ತು.

“ಅದನ್ನ ಕೊಡಮ್ಮ ಇಲ್ಲಿ.”

“ಅದು ಹಳೇದು ಸರ್, ಯಾರೋ ಗೇಮ್ ಆಡ್ತಿದ್ದೋರು ಬಿಟ್ಟುಹೋಗಿದ್ದು. ಆ ಕಾಲಕ್ಕೆ ಅದು ಗೂಳಿನೇ. ಆದ್ರೆ ಅದು ಬಂದಾಗ ಈಗಿನ ಥರ ಮಡಚಿದ ವೀಡಿಯೋನೇ ಇರ್ಲಿಲ್ಲ. ಅದಕ್ಕೆ ಬಿಡಿಸೋಕೆ ಬರಲ್ಲ.”

ಅವನು ಎತ್ತಿ ನೋಡಿದ. ಒಂದು ಸಲ, ಇನ್ನೊಂದು ಸಲ. ತಾಮ್ರದ ಕೊಳವೆಗಳು, ಕಬ್ಬಿಣದ ಬೆನ್ನು, ಎರಡು ಫ್ಯಾನು. ಕಣ್ಣು ತಾನಾಗಿ ಅರೆಮುಚ್ಚಿತು.

“ಮಾಲು!”

“ಮಾವ, ಅವರು ಬೇಡ ಅಂತಿದಾರಲ್ಲ” ಅಂದಳು ಅಕ್ಕನ ಮಗಳು. “ಫೋನಲ್ಲೂ ಹಾಗೇ ಇದೆ ನೋಡು. ಹೊಸ ಫಾರ್ಮ್ಯಾಟಿಗೆ ಹೊಸ ಕಾರ್ಡೇ ಬೇಕಂತೆ.”

“ನಿನ್ನ ಫೋನಿಗೆ ಕೈ ಇದೆಯೇನೇ, ಎತ್ತಿ ನೋಡೋಕೆ? ಅಂಗಡಿಯವರು ಹೊಸ ಸರಕು ಖಾಲಿ ಮಾಡಬೇಕು, ಅದಕ್ಕೆ ಹೇಳ್ತಾರೆ. ನಾನೂ ಕೌಂಟರಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡೋನು.”

ಅಂಗಡಿಯವಳು ಕನ್ನಡಕವನ್ನು ಹಣೆಗೇರಿಸಿ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅಕ್ಕನ ಕಡೆ ತಿರುಗಿ, “ನೀವು ಹೇಳಿ ಅಮ್ಮ” ಅಂದಳು. ಅಕ್ಕ ಇಬ್ಬರ ಮುಖವನ್ನೂ ನೋಡಿ, “ನನ್ನ ತಮ್ಮ ಹೇಳಿದ್ಮೇಲೆ ಆಯ್ತು” ಅಂದಳು. ಅವನು ಆ ಇಟ್ಟಿಗೆಯನ್ನು ಎದೆಗೆ ಅವುಚಿಕೊಂಡು ರಸ್ತೆಯುದ್ದಕ್ಕೂ ಬೀಗುತ್ತಾ ಬಂದ.

ಅದು ಪೆಟ್ಟಿಗೆಯೊಳಗೆ ಹಿಡಿಸಲಿಲ್ಲ. ಪಕ್ಕದ ಮುಚ್ಚಳ ಬಿಚ್ಚಿಟ್ಟು ಹೇಗೋ ತುರುಕಿದ್ದಾಯಿತು. ಗೋಡೆಯ ಮೇಲೆ ಚಿತ್ರ ಮೂಡಿತು. ಭಾವ ತೆಗೆದ ಹಳೆಯ ಮದುವೆಗಳನ್ನು ಹಾಕಿ ನೋಡಿದರು, ಎಲ್ಲ ಸರಾಗವಾಗಿ ಓಡಿದವು. ಅವನು ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿಕೊಂಡು, “ಹೆಂಗೆ?” ಅಂತ ಅಕ್ಕನ ಮಗಳ ಕಡೆ ಹುಬ್ಬು ಹಾರಿಸಿದ. ಅವಳು ಕೈ ಮುಗಿದಳು. ಭಾವನ ತುಣುಕನ್ನು ಮಾತ್ರ ಅಕ್ಕ ಆ ದಿನ ಹಾಕಗೊಡಲಿಲ್ಲ. ಭಾನುವಾರ ಎಲ್ಲರೂ ಬಂದಮೇಲೆ ಒಟ್ಟಿಗೆ ನೋಡೋಣ ಅಂದಳು.

ಭಾನುವಾರ ಸಂಜೆ ಕೋಣೆ ತುಂಬ ಜನ. ಭಾವನ ಕಡೆಯವರು, ಇವನ ಹೆಂಡತಿ, ಅಕ್ಕನ ಮಗಳು, ಅಳಿಯ. ಕುರ್ಚಿ ಸಾಲದೆ ಕೆಲವರು ನೆಲದ ಮೇಲೆ ಕೂತರು. ಅಕ್ಕ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಎಲ್ಲಿಗೋ ಹೊರಟವಳ ಹಾಗೆ ಕೂತಿದ್ದಳು. ದೀಪ ಆರಿತು. ಅಕ್ಕ ತಾನೇ ಗುಂಡಿ ಒತ್ತಿದಳು.

ಭಾವ ಬಂದರು. ಗೋಡೆಯಷ್ಟು ಭಾವ. ಬನಿಯನ್ನು, ಹೆಗಲ ಮೇಲೆ ಟವೆಲು, ಕೈಯಲ್ಲಿ ಬಣ್ಣ ಹೊಂದಿಸಿಕೊಳ್ಳಲು ಒಂದು ಬಿಳಿ ಕಾಗದ. “ಫೋಕಸ್ ನನ್ನ ಮೂಗಿನ ಮೇಲಿದೆಯಾ ನೋ” ಅಂದರು. ಅಷ್ಟೇ. ಬಾಯಿ ಅರ್ಧ ತೆರೆದುಕೊಂಡೇ ನಿಂತುಬಿಟ್ಟರು. ದನಿ ಚೂರು ಚೂರಾಗಿ ಬಂತು. ಚಿತ್ರ ಒಮ್ಮೆ ಜಿಗಿಯಿತು, ಕಣ್ಣು ಒಂದು ಕಡೆ, ಗಲ್ಲ ಒಂದು ಕಡೆ ಆಗಿ ಮತ್ತೆ ನಿಂತಿತು. ಇತ್ತ ಕಂಪ್ಯೂಟರಿನ ಫ್ಯಾನುಗಳು ಮಿಕ್ಸಿಯ ಹಾಗೆ ಕಿರುಚತೊಡಗಿದವು. ಅಕ್ಕ ಮತ್ತೆ ಮೊದಲಿಂದ ಹಾಕಿದಳು. ಮತ್ತೆ ಅದೇ ಬಾಯಿ. ಮೂರನೆಯ ಸಲ ಎಲ್ಲವೂ ಸ್ತಬ್ಧವಾಯಿತು.

ಯಾರೋ ದೀಪ ಹಾಕಿದರು. ಎಲ್ಲರ ಮುಖವೂ ತಿರುಗಿದ್ದು ಅವನ ಕಡೆಗೆ.

ಅಂಗಡಿಯವಳ ಮಾತು ಅವನ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಅದಕ್ಕೆ ಬಿಡಿಸೋಕೆ ಬರಲ್ಲ ಸರ್. ಗೊತ್ತಾಗದೆ ಹೇಳಿದ ಅಂತ ನಾನು ಅವನ ಪರ ವಹಿಸುವುದಿಲ್ಲ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎದ್ದು ನಿಂತ. ಗಂಟಲು ಸರಿಮಾಡಿಕೊಂಡು, “ಕಾರ್ಡಿಂದಲ್ಲ. ಬೇರೆ ಎಲ್ಲ ಓಡಿದವಲ್ಲ, ನೀವೇ ನೋಡಿದ್ರಲ್ಲ. ಫೈಲೇ ಕೆಟ್ಟಿದೆ. ಕಾಪಿ ಮಾಡುವಾಗ ಏನೋ ಹೆಚ್ಚುಕಮ್ಮಿ ಆಗಿದೆ” ಅಂದ.

“ನನ್ನ ಫೋನಲ್ಲಾದ್ರೂ ಹಾಕಿ ನೋಡೋಣ್ವಾ ಮಾವ?”

“ಬೇಡ ಬೇಡ! ಕೆಟ್ಟ ಫೈಲನ್ನ ಮುಟ್ಟಿದಷ್ಟೂ ಇನ್ನೂ ಕೆಡತ್ತೆ.”

ಇಂಥ ಮಾತು ಅವನಿಗೆ ಎಲ್ಲಿಂದ ಹೊಳೆಯಿತೋ, ಆ ಸುಳ್ಳಿಗೇ ಗೊತ್ತು. ಎಲ್ಲರೂ ತಲೆಯಾಡಿಸಿದರು. ಅಕ್ಕ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡು ನೋಡಿದಳು. “ನಾನೇ ಕಾಪಿ ಮಾಡಿದ್ದು” ಅಂದಳು. “ಇನ್ನೂ ಮುಗಿದಿತ್ತೋ ಇಲ್ವೋ, ಅವಸರದಲ್ಲಿ ಎಳೆದುಬಿಟ್ಟೆ ಅಂತ ಕಾಣತ್ತೆ. ಕ್ಯಾಮೆರಾನೂ ಕೊಟ್ಟುಬಿಟ್ಟೆನಲ್ಲ.” ಅತ್ತಿದ್ದರೆ ಯಾರಾದರೂ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ, ಎದ್ದು ಎಲ್ಲರಿಗೂ ಟೀ ಮಾಡಲು ಹೋದಳು. ಆ ಟೀಯನ್ನು ಅವನು ಕುಡಿದ. ಅದು ಗಂಟಲಲ್ಲಿ ಇಳಿಯಲಿಲ್ಲ ಅಂತ ಹೇಳಿದರೆ ಕಥೆಗೆ ಚಂದ, ಆದರೆ ಇಳಿಯಿತು, ಇನ್ನರ್ಧ ಲೋಟ ಹಾಕಿಸಿಕೊಂಡ ಕೂಡ.

ಇಳಿಯದೇ ಹೋದದ್ದು ಆಮೇಲೆ. ಮರುದಿನ ಅಂಗಡಿಯಲ್ಲಿ ಗಿರಾಕಿಯೊಬ್ಬ ಒಂದು ನಲ್ಲಿಯನ್ನು ಎತ್ತಿ, “ಇದು ಹೇಗೆ?” ಅಂತ ಕೈಗೆ ಕೊಟ್ಟ. ಎಂದಿನಂತೆ ಅಂಗೈ ಮೇಲೆ ಆಡಿಸಿದ. ಏನೂ ತಿಳಿಯಲಿಲ್ಲ. ಭಾವನ ತೆರೆದ ಬಾಯಿ ಕಣ್ಣಮುಂದೆ ಬಂದು ನಿಂತಿತು. “ನಿಮಗೆ ಇಷ್ಟ ಆದ್ರೆ ತಗೊಳ್ಳಿ” ಅಂದ. ಗಿರಾಕಿ ಬೆಪ್ಪಾಗಿ ನೋಡಿದ. ಮನೆಯಲ್ಲಿ ಹೆಂಡತಿ, “ಅತ್ತಿಗೆ ಪಾಪ, ನನ್ನ ಕೈಯೇ ಸರಿಯಿಲ್ಲ ಅಂತ ಅಂದುಕೊಳ್ತಾನೇ ಇದಾರೆ. ನೀವಾದ್ರೂ ಹೋಗಿ ಎರಡು ಮಾತಾಡಬಾರದಾ?” ಅಂದಳು. ಕೆಲಸ ಅಂದ. ಮರುದಿನವೂ ಕೆಲಸ ಅಂದ. ಅಕ್ಕನ ಮನೆಯ ರಸ್ತೆ ಬಂದರೆ ಸೈಕಲ್ಲನ್ನು ಬೇರೆ ಕಡೆಗೆ ತಿರುಗಿಸಿದ.

ವಾರ ಕಳೆದು ಅಕ್ಕನ ಫೋನು ಬಂತು. ದನಿ ಸಣ್ಣಗಿತ್ತು.

“ಏನಿಲ್ಲ ಕಣೋ, ಒಂದು ಮಾತು ಕೇಳೋಣ ಅಂತ. ಆ ಫೈಲನ್ನ ಅಳಿಸಿಬಿಡ್ತೀನಿ. ದಿನಾ ಹಾಕಿ ನೋಡ್ತೀನಿ, ದಿನಾ ಅಲ್ಲೇ ನಿಂತ್ಕೊತಾರೆ. ಬಾಯಿ ತೆಗೆದು ಏನೋ ಹೇಳೋಕೆ ಬಂದು, ನಾನೇ ಕತ್ತು ಹಿಸುಕಿದ ಹಾಗೆ. ನೋಡೋಕಾಗಲ್ಲ. ಹೇಗೆ ಅಳಿಸೋದು, ಹೇಳು.”

“ಅಳಿಸಬೇಡ!” ಅಂತ ಕಿರುಚಿದ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ದನಿ ತಗ್ಗಿಸಿ, “ಅಕ್ಕ, ದಮ್ಮಯ್ಯ ಅಳಿಸಬೇಡ. ನಾನು… ನಾನು ರಿಪೇರಿ ಮಾಡ್ತೀನಿ. ಕೆಟ್ಟ ಫೈಲನ್ನ ಸರಿ ಮಾಡೋಕೆ ಬರತ್ತೆ. ನಾಳೆ ನೀನು ಕೆಲಸಕ್ಕೆ ಹೋದಾಗ ಬಂದು ಮಾಡ್ತೀನಿ” ಅಂದ.

“ಹೌದೇನೋ?” ಅಂದಳು ಅಕ್ಕ. ಆ ಒಂದು ಮಾತಿನಲ್ಲಿ ಅವಳ ದನಿ ಎದ್ದು ಕೂತಿತು. ಅವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ನಿಜ ಹೇಳಿಬಿಡಲು ಅದೊಂದು ಒಳ್ಳೆಯ ಗಳಿಗೆಯಾಗಿತ್ತು. ಆದರೆ ಅವನು ಮಾಡಿದ್ದೇನು ನೋಡಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಂಪ್ಯೂಟರ್ ಅಂಗಡಿಗೆ ಹೋಗಿ, ಬಾಗಿಲಲ್ಲೇ ನಿಂತು, “ನಮ್ಮ ಪರಿಚಯದವರೊಬ್ಬರಿಗೆ ಒಂದು ಕಾರ್ಡು ಬೇಕಿತ್ತು. ಆ ಫ್ಯಾನಿಲ್ಲದ್ದು, ಚಿಕ್ಕದು” ಅಂದ.

ಅಂಗಡಿಯವಳು ತಲೆ ಎತ್ತಿದಳು. “ಪರಿಚಯದವರಿಗಾ?”

“ಹೂಂ. ಪರಿಚಯದವರಿಗೆ.”

“ಅವರ ವೀಡಿಯೋ ನಿಂತು ನಿಂತು ಬರ್ತಿತ್ತಾ?”

“ಹೂಂ.”

“ಫೈಲಿಗೆ ಏನೂ ಆಗಿರಲ್ಲ ಅಂತ ಹೇಳಿ ಅವರಿಗೆ. ಕಾರ್ಡು ಬದಲಿಸಿದ್ರೆ ಸರಿಹೋಗತ್ತೆ. ಮತ್ತೆ ಆ ಪರಿಚಯದವರಿಗೆ ಇನ್ನೊಂದು ಮಾತು ಹೇಳಿ ಸರ್. ಗೊತ್ತಿಲ್ದೇ ಇರೋದನ್ನ ಗೊತ್ತಿಲ್ಲ ಅಂದ್ರೆ ಯಾರೂ ನಗಲ್ಲ.” ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಕಾರ್ಡಿನ ಡಬ್ಬಿಯನ್ನು ಅವನ ಕೈಗಿಟ್ಟಳು. ಕೈ ಅಭ್ಯಾಸದಂತೆ ಮೇಲಕ್ಕೆ ಹೋಯಿತು, ನಡುವೆ ನಿಂತಿತು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ತಲೆ ತಗ್ಗಿಸಿ ಹೊರಟ.

ಮರುದಿನ ತನ್ನ ಬಳಿಯಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು ಅಕ್ಕನ ಮನೆಗೆ ಕಳ್ಳನ ಹಾಗೆ ಹೊಕ್ಕ. ಇಟ್ಟಿಗೆಯನ್ನು ಕಿತ್ತು ಚೀಲದ ತಳಕ್ಕೆ ತುಂಬಿದ. ಚಿಕ್ಕದನ್ನು ಕೂಡಿಸಿದ. ಅದು ಒಂದೇ ಒತ್ತಿಗೆ ಕೂತುಕೊಂಡಿತು. ಪೆಟ್ಟಿಗೆಯ ಮುಚ್ಚಳವೂ ಮುಚ್ಚಿತು. ವೀಡಿಯೋ ಹಾಕಿ ನೋಡುವಷ್ಟು ಧೈರ್ಯ ಬರಲಿಲ್ಲ, ಪ್ರೊಜೆಕ್ಟರಿನ ಬೆಳಕು ಗೋಡೆಗೆ ಬಿದ್ದದ್ದನ್ನು ನೋಡಿ ಆರಿಸಿದ. ಹೊರಡಬೇಕು ಅನ್ನುವಷ್ಟರಲ್ಲಿ ಗೇಟು ಸದ್ದಾಯಿತು. ಅಕ್ಕ ಅರ್ಧ ದಿನ ರಜೆ ಹಾಕಿ ಬಂದಿದ್ದಳು.

“ಆಯ್ತೇನೋ?”

“ಆಯ್ತು” ಅಂದ. “ತುಂಬಾ ಕೆಟ್ಟಿತ್ತು. ಹೇಗೋ ಸರಿಮಾಡಿದೆ.”

ಅಬ್ಬಾ, ನಾಲಿಗೆಯೇ! ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟಳು. ಚಿಕ್ಕಂದಿನಲ್ಲಿ ಸ್ನಾನ ಮಾಡಿಸಿ ತಲೆ ಒರೆಸುತ್ತಿದ್ದ ಕೈ ಅದು. “ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ” ಅಂದಳು. ಅವನು ಚೀಲವನ್ನು ಕಾಲಿನಿಂದ ಕುರ್ಚಿಯ ಅಡಿಗೆ ತಳ್ಳಿದ. ಓಡಿಹೋಗಲು ನೆಪ ಹುಡುಕಿದ. ಅಕ್ಕ ಬಿಡಲಿಲ್ಲ. “ಕೂತ್ಕೋ. ಮೊದಲು ನಾವಿಬ್ರೇ ನೋಡೋಣ.” ಪರದೆ ಎಳೆದಳು. ಹಗಲು ಹೊರಗೇ ಉಳಿಯಿತು.

ಕೋಣೆಯಲ್ಲಿ ಸದ್ದೇ ಇಲ್ಲ. ಭಾವ ಬಂದರು. “ಫೋಕಸ್ ನನ್ನ ಮೂಗಿನ ಮೇಲಿದೆಯಾ ನೋಡೇ” ಅಂದರು, ಪೂರ್ತಿ ಅಂದರು, ಬಾಯಿ ಮುಚ್ಚಿದರು, ಕಣ್ಣು ಮಿಟುಕಿಸಿದರು. ವೀಡಿಯೋದೊಳಗೆ ಕ್ಯಾಮೆರಾದ ಹಿಂದಿನಿಂದ ಅಕ್ಕನದೇ ದನಿ ಬಂತು: “ನಿಮ್ಮ ಮೂಗು ಬಿಟ್ರೆ ಬೇರೇನೂ ಕಾಣಿಸ್ತಿಲ್ಲ.” ಭಾವ ನಕ್ಕರು. ಗಲ್ಲದ ನರೆತ ಕೂದಲು ಒಂದೊಂದೂ ಕಾಣಿಸುತ್ತಿತ್ತು. ಕುರ್ಚಿಯಲ್ಲಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾ ಅಳುತ್ತಾ ಇದ್ದಳು. ಅವನಿಗೂ ಕಣ್ಣು ತುಂಬಿತು. ಇಷ್ಟಕ್ಕೆ ಮುಗಿದರೆ ಸಾಕು, ಯಾರಿಗೂ ಏನೂ ತಿಳಿಯುವುದಿಲ್ಲ ಅಂದುಕೊಂಡ.

ಭಾವ ಕ್ಯಾಮೆರಾದ ಹತ್ತಿರ ಬಂದರು. “ಒಂದು ವಿಷಯ ಕೇಳಿಲ್ಲಿ” ಅಂದರು ಗುಟ್ಟಿನ ದನಿಯಲ್ಲಿ. “ಇದನ್ನ ತಗೊಂಡಿದ್ದು ನಿನ್ನ ತಮ್ಮನಿಗೆ ಹೇಳಬೇಡ.”

ಅಕ್ಕ ದಡಬಡಿಸಿ ರಿಮೋಟಿಗೆ ಕೈಹಾಕಿದಳು. “ಅಯ್ಯೋ, ಇದೂ ಇತ್ತಲ್ಲ, ಮರೆತೇಬಿಟ್ಟಿದ್ದೆ…” ರಿಮೋಟು ಕೈಜಾರಿ ನೆಲಕ್ಕೆ ಬಿತ್ತು.

“ಬಂದ ಅಂದ್ರೆ ಎತ್ತಿ ನೋಡ್ತಾನೆ. ಹಗುರ ಇದೆ, ತಗಡು, ಮೋಸ ಹೋದ್ರಿ ಭಾವ ಅಂತಾನೆ. ಹಗುರ ಅಂತಾನೇ ತಗೊಂಡಿದ್ದು ಮಾರಾಯ್ತಿ! ಅವನು ಆರಿಸಿಕೊಟ್ಟ ಆ ಹೆಣಭಾರ ಹೊತ್ತೂ ಹೊತ್ತೂ ಈ ಭುಜ ಸತ್ತೇಹೋಯ್ತು. ರಾತ್ರಿ ಪಕ್ಕ ತಿರುಗಿ ಮಲಗಿ ಎಷ್ಟು ಕಾಲ ಆಯ್ತು ಹೇಳು. ಡಾಕ್ಟರು ಆವಾಗಲೇ ಅದನ್ನ ಹೊರೋದು ಬಿಡಿ ಅಂದಿದ್ರು.”

ವೀಡಿಯೋದಲ್ಲಿ ಅಕ್ಕನ ದನಿ: “ಅವನಿಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತು.”

“ಹೇಳೋದು ಹೇಗೆ? ಬಂದೋರಿಗೆಲ್ಲ ನಾನೇ ಆರಿಸಿದ್ದು ಅಂತ ತೋರಿಸ್ಕೊಂಡು ಅಷ್ಟು ಸಂತೋಷಪಡ್ತಾನೆ. ಇರೋದು ಅದೊಂದು ಖುಷಿ ಅವನಿಗೆ. ಹೋಗ್ಲಿ ಬಿಡು.” ಭಾವ ಬಲಭುಜವನ್ನು ಎಡಗೈಯಿಂದ ಹಿಡಿದು ಮೆಲ್ಲಗೆ ತಿರುಗಿಸಿ, ನೋವಿಗೆ ಮುಖ ಹಿಂಡಿ, ಮತ್ತೆ ನಕ್ಕರು. “ಸರಿ, ಆರಿಸು ಇನ್ನು.”

ಗೋಡೆ ಬಿಳಿಯಾಯಿತು. ಅಕ್ಕ ಅವನ ಕಡೆ ನೋಡಲಿಲ್ಲ. “ಅವರು ತಮಾಷೆಗೆ ಹೇಳಿದ್ದು ಕಣೋ. ನಿನಗೆ ಬೇಜಾರಾಗತ್ತೆ ಅಂತಾನೇ ನಾವು ಯಾವತ್ತೂ…” ಅಂದಳು.

ಅವನಿಗೆ ಕೇಳಿಸುತ್ತಿರಲಿಲ್ಲ. ನೆಂಟರೆದುರು ಎಡಗೈಯಿಂದ ಟೀ ಲೋಟ ತೆಗೆದುಕೊಳ್ಳುತ್ತಿದ್ದ ಭಾವ, ಪಕ್ಕದಲ್ಲಿ ಬೀಗುತ್ತಾ ನಿಂತ ತಾನು, ಎರಡೂ ಒಟ್ಟಿಗೆ ಕಾಣಿಸುತ್ತಿದ್ದವು. ಕುರ್ಚಿಯಡಿಗೆ ಬಗ್ಗಿ ಚೀಲ ಎಳೆದ. ಆ ದೊಡ್ಡ ಕಾರ್ಡನ್ನು ತೆಗೆದು ಅಕ್ಕನ ಮಡಿಲಲ್ಲಿ ಇಟ್ಟ.

“ಅಕ್ಕ, ಫೈಲು ಕೆಟ್ಟಿರಲಿಲ್ಲ. ನಾನು ರಿಪೇರಿನೂ ಮಾಡಿಲ್ಲ. ಇದರದೇ ತಪ್ಪು. ಆ ಅಂಗಡಿಯವಳು ಹೇಳಿದ್ದಳಲ್ಲ, ಅದೇ. ಅವತ್ತು ಎದ್ದು ನಿಂತು ಹೇಳಿದಾಗಲೇ ನನಗೆ ಗೊತ್ತಿತ್ತು. ಎಲ್ಲರೂ ನನ್ನೇ ನೋಡ್ತಿದ್ರು. ಮರ್ಯಾದೆಗೆ ಹೆದರಿ ತಪ್ಪನ್ನ ನಿನ್ನ ಕೈ ಮೇಲೆ ಹಾಕಿದೆ.”

ಅಕ್ಕ ಮಡಿಲಲ್ಲಿದ್ದ ಕಾರ್ಡನ್ನು ನೆಲಕ್ಕೆ ಇಳಿಸಿದಳು. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು.

“ನನ್ನ ಕೈಗೆ ನಾನು ಎಷ್ಟು ಬೈದೆ ಗೊತ್ತೇನೋ?” ಅಂದಳು. “ಕಾರ್ಖಾನೆಯಲ್ಲಿ ಮಿಷನ್ನಿಗೆ ಬಟ್ಟೆ ಕೊಡೋಕೂ ಹೆದರಿಕೆ ಆಗ್ತಿತ್ತು, ಏನು ಮುಟ್ಟಿದ್ರೂ ಹಾಳಾಗತ್ತೆ ಅಂತ. ನಿನ್ನೆ ಒಂದು ಗುಂಡಿ ಒತ್ತಿದ್ರೆ ಅವರು ಇರ್ತಾನೇ ಇರ್ಲಿಲ್ಲ. ನಾನೇ ಒತ್ತಿಬಿಡ್ತಿದ್ದೆ ಕಣೋ. ನಿನ್ನ ಮಾತು ನಂಬಿ.”

ಅಕ್ಕ ಎದ್ದಳು. ಬೈದರೂ ಹೊಡೆದರೂ ಸರಿ ಅಂತ ಅವನು ಕಾದ. ಅವಳು ಬೀರುವಿನ ಕಡೆ ಬೆರಳು ತೋರಿಸಿದಳು.

“ಅದನ್ನ ಇಳಿಸು.”

ಅವನು ಕುರ್ಚಿ ಹತ್ತಿ ಬಟ್ಟೆ ಸರಿಸಿ ಆ ಹಳೆಯ ಕ್ಯಾಮೆರಾವನ್ನು ಇಳಿಸಿದ. ಧೂಳು ಕಣ್ಣಿಗೆ ಬಿತ್ತು.

“ಭುಜದ ಮೇಲೆ ಇಟ್ಕೋ. ಬಲಭುಜ. ಹೀಗಲ್ಲ, ಅವರು ಹೇಗೆ ಹಿಡೀತಿದ್ರೋ ಹಾಗೆ. ಕೈ ಮೇಲೆತ್ತಿ ಹಿಡಿ. ಅಲ್ಲಿ ನಿಂತ್ಕೋ.”

ಚಿಕ್ಕಂದಿನಲ್ಲಿ ಅವನು ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಅವಳು ಹೀಗೆಯೇ ಮೂಲೆಯಲ್ಲಿ ನಿಲ್ಲಿಸುತ್ತಿದ್ದಳು. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನಲ್ಲಿ ಅವನು ಮತ್ತೆ ಹೋಗಿ ಗೋಡೆಯ ಪಕ್ಕ ನಿಂತ. ಅಕ್ಕ ನೆಲದಿಂದ ರಿಮೋಟು ಎತ್ತಿಕೊಂಡು, ಕುರ್ಚಿಯಲ್ಲಿ ಕೂತು, ವೀಡಿಯೋವನ್ನು ಮೊದಲಿನಿಂದ ಹಾಕಿದಳು.

ಭಾವ ಬಂದರು. ಮೂಗಿನ ಮಾತು ಬಂತು. ನಗು ಬಂತು. ಅಷ್ಟರಲ್ಲೇ ಅವನ ಭುಜದ ಎಲುಬಿನಲ್ಲಿ ಸಣ್ಣಗೆ ಉರಿ ಶುರುವಾಯಿತು. ಇದನ್ನು ಹೊತ್ತುಕೊಂಡು ಭಾವ ಬೆಳಗಿನಿಂದ ಸಂಜೆಯವರೆಗೆ ಯಾರದೋ ಮದುವೆಯಲ್ಲಿ ನಿಂತಿರುತ್ತಿದ್ದರು, ಯಾರದೋ ನಗು ತಪ್ಪಿಹೋಗಬಾರದು ಅಂತ ಅಲುಗಾಡದೆ. ಗೋಡೆಯ ಮೇಲೆ ಭಾವ ಹತ್ತಿರ ಬಂದು, ಗುಟ್ಟಿನ ದನಿಯಲ್ಲಿ, ನಿನ್ನ ತಮ್ಮನಿಗೆ ಹೇಳಬೇಡ ಅಂದರು. ಉರಿ ಕತ್ತಿಗೆ ಏರಿತು, ಮೊಣಕೈಗೆ ಇಳಿಯಿತು. ಅವನು ಭಾರವನ್ನು ಇನ್ನೊಂದು ಭುಜಕ್ಕೆ ಬದಲಿಸಲಿಲ್ಲ. ಇರೋದು ಅದೊಂದು ಖುಷಿ ಅವನಿಗೆ, ಹೋಗ್ಲಿ ಬಿಡು, ಅಂದರು ಭಾವ.

ಗೋಡೆ ಬಿಳಿಯಾಯಿತು.

“ಹೇಗಿದೆ?” ಅಂತ ಕೇಳಿದಳು ಅಕ್ಕ, ತಿರುಗದೆ.

“ಭಾರ ಅಕ್ಕ” ಅಂದ.

“ಹೂಂ” ಅಂದಳು ಅಕ್ಕ. ಮತ್ತೆ ಮೊದಲಿನಿಂದ ಹಾಕಿದಳು.